ಬೆನ್ನಿಗೆ ಕಾವು ಕೊಡುವ ಕಾರು

ಸಂಸ್ಕೃತ ಮೇಷ್ಟ್ರು ವಿಷ್ಣುಪ್ರಸಾದರು ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದು ನೋಡಿದರೆ ಅವರ ಕಾರು ನೆಲಕ್ಕೆ ಕೂತುಬಿಟ್ಟಿತ್ತು. ಚಕ್ರಗಳಲ್ಲಿ ಗಾಳಿ ಸರಿಯಾಗಿಯೇ ಇತ್ತು. ಕಾರಿನ ಮೈಯೇ ಕುಸಿದು, ಕೆಸರು ಕಂಡ ಎಮ್ಮೆಯ ಹಾಗೆ ಹೊಟ್ಟೆಯನ್ನು ಅಂಗಳಕ್ಕೆ ತಾಗಿಸಿಕೊಂಡು ಬಿದ್ದಿತ್ತು.

ಅದು ಸಾಮಾನ್ಯ ಕಾರಲ್ಲ, ಜರ್ಮನಿಯದು. ಯಾರೋ ದೊಡ್ಡ ಕಂಟ್ರಾಕ್ಟರು ಹತ್ತಿ, ಇನ್ಯಾರೋ ಇಳಿದು, ಕೈ ಬದಲಾಯಿಸುತ್ತ ಮೇಷ್ಟ್ರ ಮನೆ ಸೇರುವ ಹೊತ್ತಿಗೆ ಅದರ ವಯಸ್ಸು ಅವರ ಹತ್ತನೇ ತರಗತಿಯ ಮಕ್ಕಳ ವಯಸ್ಸನ್ನು ಮೀರಿತ್ತು. ಹೊಸ ಸಣ್ಣ ಕಾರಿನ ಬೆಲೆಗೆ ಹಳೇ ದೊಡ್ಡ ಕಾರು ಸಿಕ್ಕಿತಲ್ಲ ಎಂದು ಮೇಷ್ಟ್ರು ಹಿಗ್ಗಿದ್ದರು. ಕಾರು ಮಾತ್ರ ಹಳೆಯದು, ಅದರ ಬಿಡಿಭಾಗಗಳ ಬೆಲೆಗೆ ವಯಸ್ಸೇ ಆಗುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಮಾಚೇನಹಳ್ಳಿಯಲ್ಲಿ ಗ್ಯಾರೇಜ್ ಇಟ್ಟಿದ್ದ ನಿಶಾಂತ್ ಈಗ ಮೇಷ್ಟ್ರನ್ನು ದೂರದಿಂದ ಕಂಡರೂ ಎದ್ದು ನಿಂತು ಕೈಮುಗಿಯುತ್ತಿದ್ದ. ಅವರ ವಿದ್ಯಾರ್ಥಿಗಳು ಯಾರೂ ಅಷ್ಟು ಗೌರವ ಕೊಟ್ಟಿರಲಿಲ್ಲ.

ಆದರೆ ಇದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಕಾರು ಬಂದ ದಿನವೇ ರಾಗಿಗುಡ್ಡದ ಆ ಬೀದಿಗೆಲ್ಲ ಪೇಡಾ ಹಂಚಿಯಾಗಿತ್ತು.

"ಇದೇನ್ರೀ ಮೇಷ್ಟ್ರೇ, ಗಾಡಿ ಕೂತ್ಬಿಟ್ಟಿದೆ?"

ಪಕ್ಕದ ಮನೆಯ ಸಿದ್ದಯ್ಯನವರು ಕಾಂಪೌಂಡಿನ ಮೇಲಿಂದ ಕತ್ತು ಚಾಚಿದ್ದರು. ನೀರಾವರಿ ಇಲಾಖೆಯಿಂದ ನಿವೃತ್ತರಾದವರು. ಪೇಪರು ಓದಿ ಮುಗಿಸಿದ ಮೇಲೆ ಮೇಷ್ಟ್ರ ಅಂಗಳವನ್ನು ಓದುವುದು ಅವರ ರೂಢಿ.

ಕೆಟ್ಟಿದೆ ಎನ್ನಲು ಮೇಷ್ಟ್ರಿಗೆ ನಾಲಿಗೆ ಏಳಲಿಲ್ಲ. "ಕೂತಿಲ್ಲ ಸಿದ್ದಯ್ಯನೋರೇ, ಬಗ್ಗಿರೋದು. ವಯಸ್ಸಾದೋರಿಗೆ ಹತ್ತೋಕೆ ಸಲೀಸಾಗ್ಲಿ ಅಂತ ತಾನೇ ಬಗ್ಗುತ್ತೆ."

"ಹೌದಾ! ಲೇ ಸಾವಿತ್ರಿ, ಬಾರೇ ಇಲ್ಲಿ! ನಿನ್ನ ಮಂಡಿನೋವಿಗೆ ಹೇಳಿ ಮಾಡಿಸಿದ ಗಾಡಿ ನೋಡು!"

ಸಾವಿತ್ರಮ್ಮ ಬಂದರು, ನೋಡಿದರು, ಮೆಚ್ಚಿದರು. ಮೇಷ್ಟ್ರ ಹೆಂಡತಿ ಕವನಾಳ ಚಿಕ್ಕಪ್ಪನ ಷಷ್ಟ್ಯಬ್ದಿಗೆಂದು ಇವರು ಭದ್ರಾವತಿಯ ನ್ಯೂ ಟೌನಿಗೆ ಹೊರಟಿದ್ದಾರೆಂದು ತಿಳಿದದ್ದೇ, "ನಮ್ಮ ಅಮೂಲ್ಯನ ಮನೆನೂ ಅಲ್ಲೇ ಅಲ್ವಾ, ನಾವೂ ಬರ್ತೀವಿ. ಮಗಳನ್ನ ನೋಡಿದಂಗೂ ಆಯ್ತು," ಎಂದು ಸೀರೆ ಬದಲಾಯಿಸಲು ಹೋದರು.

ಕವನಾ ಗಂಡನ ಕಿವಿಯಲ್ಲಿ, "ನಿಜ ಹೇಳಿಬಿಡಿ. ದಾರೀಲಿ ಮರ್ಯಾದೆ ಹೋಗುತ್ತೆ," ಎಂದಳು.

"ನಿಜ ಹೇಳಿದ್ರೆ ಇಲ್ಲೇ ಹೋಗುತ್ತೆ. ಸುಮ್ನಿರು ಮಾರಾಯ್ತಿ," ಎಂದರು ಮೇಷ್ಟ್ರು.

ಕೀಲಿ ತಿರುಗಿಸಿದಾಗ ಕಾರು ನರಳಿತು, ಮುಲುಕಿತು, ಕೊನೆಗೆ ಮೊದಲು ಮುಂದಿನ ಭಾಗವನ್ನೂ ಆಮೇಲೆ ಹಿಂದಿನ ಭಾಗವನ್ನೂ ಎತ್ತಿಕೊಂಡು ಎದ್ದು ನಿಂತಿತು. ಸಾವಿತ್ರಮ್ಮ ಒಳಗಿನಿಂದಲೇ ಅದಕ್ಕೆ ಕೈಮುಗಿದರು.

ದಾರಿಯಲ್ಲಿ ನಿದಿಗೆ ಎಂಬ ಊರು ದಾಟುವಷ್ಟರಲ್ಲಿ ಹಿಂದಿನ ಸೀಟು ಕಾಯತೊಡಗಿತು. ಚಳಿದೇಶದವರು ಸೀಟಿನೊಳಗೆ ಇಟ್ಟಿದ್ದ ಹೀಟರು ಅದು. ತನಗೆ ಮನಸ್ಸು ಬಂದಾಗ ಹೊತ್ತಿಕೊಳ್ಳುತ್ತಿತ್ತು, ಆರಿಸುವ ಗುಂಡಿ ಕೆಲಸ ಮಾಡುತ್ತಿರಲಿಲ್ಲ. ಹೊರಗೆ ಏಪ್ರಿಲ್ ಬಿಸಿಲು. ಏಸಿಯೂ ಬಿಸಿಗಾಳಿಯನ್ನೇ ಊದುತ್ತಿತ್ತು.

"ಮೇಷ್ಟ್ರೇ, ಬೆನ್ನು ಬೆಚ್ಚಗಾಗ್ತಿದೆಯಲ್ರೀ?"

ಇಲ್ಲಿಯಾದರೂ ನಿಜ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಮೇಷ್ಟ್ರು ಕನ್ನಡಿಯಲ್ಲಿ ಸಿದ್ದಯ್ಯನವರ ಮುಖದ ನಂಬಿಕೆ ನೋಡಿ ಮತ್ತೆ ಜಾರಿದರು. "ಕಾವು ಕೊಡೋ ಸೀಟು ಅದು. ಸೊಂಟನೋವು ಇರೋರು ಕೂತರೆ ಗಾಡಿಗೇ ಗೊತ್ತಾಗುತ್ತೆ."

"ಅಬ್ಬ! ಡಾಕ್ಟ್ರು ಎಕ್ಸ್‌ರೇ ತೆಗೆಸಿದ ಮೇಲೆ ಹೇಳಿದ್ದು, ಇದು ಮುಟ್ಟಿದ ಕೂಡ್ಲೇ ಹೇಳ್ತಲ್ಲ!" ಸಿದ್ದಯ್ಯನವರು ಬೆವರು ಒರೆಸಿಕೊಳ್ಳುತ್ತ ಸುಖವಾಗಿ ಕಣ್ಣು ಮುಚ್ಚಿದರು.

ಕವನಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಮೇಷ್ಟ್ರಿಗೆ ತಾವು ಮಕ್ಕಳಿಗೆ ವರ್ಷವರ್ಷವೂ ಹೇಳಿಕೊಡುವ 'ಸತ್ಯಂ ವದ' ನೆನಪಾಯಿತು.

ಮಾಚೇನಹಳ್ಳಿಯಲ್ಲಿ ನಿಶಾಂತನ ಗ್ಯಾರೇಜ್ ಕಣ್ಣಿಗೆ ಬಿದ್ದರೂ, ನೆರೆಯವರೆದುರು ನಿಲ್ಲಿಸಲು ನಾಚಿ ಮೇಷ್ಟ್ರು ಮುಂದೆ ಓಡಿಸಿದರು. ಭದ್ರಾವತಿ ಹತ್ತಿರ ಬಂದಿತ್ತು. ರಸ್ತೆಗೆ ಅಡ್ಡ ಬಂದ ದನಕ್ಕೆ ಹಾರ್ನ್ ಹೊಡೆದರು. ದನ ಹೋಯಿತು, ಹಾರ್ನ್ ನಿಲ್ಲಲಿಲ್ಲ. ಗುಂಡಿಯನ್ನು ಕುಟ್ಟಿದರು, ಎಳೆದರು, ಬೇಡಿಕೊಂಡರು. ಅಷ್ಟರಲ್ಲಿ ಬಾನೆಟ್ಟಿನಿಂದ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಹಬೆ ಎದ್ದು, ಎಂಜಿನ್ ನಿಂತು, ಕಾರು ಉಸ್ಸೆಂದು ರಸ್ತೆಯ ಪಕ್ಕದಲ್ಲಿ ಕೂತೇಬಿಟ್ಟಿತು. ಹಾರ್ನ್ ಮಾತ್ರ ಕೂಗುತ್ತಲೇ ಇತ್ತು.

"ಇಳೀರಿ ಅಂತ ಬಗ್ಗಿದೆ ಅನ್ಸುತ್ತೆ," ಎಂದರು ಸಾವಿತ್ರಮ್ಮ.

"ಹ್ಞೂಂ. ಬಿಸಿಲಲ್ಲಿ ಜಾಸ್ತಿ ಓಡಿದರೆ ತಾನೇ ವಿಶ್ರಾಂತಿ ತಗೊಳ್ಳುತ್ತೆ," ಎಂದರು ಮೇಷ್ಟ್ರು. ಅವರ ದನಿ ಅವರಿಗೇ ಕೇಳಿಸಲಿಲ್ಲ.

"ಬುದ್ಧಿವಂತ ಗಾಡಿ ಮಾರಾಯ್ರೆ! ಮನುಷ್ಯರಿಗೆ ಇಷ್ಟು ಗೊತ್ತಾಗಲ್ಲ," ಎಂದು ಹೊಗಳಿ ಗಂಡ ಹೆಂಡತಿ ಆಟೋ ಹಿಡಿದು ಮಗಳ ಮನೆಗೆ ಹೋದರು.

ಉಳಿದವರು ಅಷ್ಟು ಕರುಣಾಳುಗಳಾಗಿರಲಿಲ್ಲ. ಬೈಕುಗಳು ನಿಂತವು, ಬಸ್ಸಿನ ಕಿಟಕಿಗಳು ತುಂಬಿದವು, ಮೊಬೈಲುಗಳು ಮೇಲೆದ್ದವು. ಕೊನೆಗೆ ಶಾಮಿಯಾನದವರ ಲಗೇಜ್ ಆಟೋ ಒಂದು ಕನಿಕರಿಸಿ ನಿಂತಿತು. ಅದರ ತುಂಬ ಪ್ಲಾಸ್ಟಿಕ್ ಕುರ್ಚಿಗಳು. ಹೋಗುತ್ತಿದ್ದುದೂ ಚಿಕ್ಕಪ್ಪನ ಮನೆಗೇ. ಕಾರಿಗೆ ಹಗ್ಗ ಬಿಗಿದರು.

ಹೀಗೆ ಜರ್ಮನ್ ಕಾರು ಕುರ್ಚಿಗಳ ಹಿಂದೆ, ತೆವಳುತ್ತ, ಕೂಗುತ್ತ, ನ್ಯೂ ಟೌನನ್ನು ಪ್ರವೇಶಿಸಿತು. ಚಪ್ಪರದಲ್ಲಿ ಹೋಮ ನಡೆಯುತ್ತಿತ್ತು. ಪುರೋಹಿತರು ಮಂತ್ರ ನಿಲ್ಲಿಸಿದರು. ನೆಂಟರೆಲ್ಲ ರಸ್ತೆಗೆ ಬಂದರು. ಯಾರೋ ವೈರು ಕಿತ್ತು ಹಾರ್ನ್ ನಿಲ್ಲಿಸಿದ ಮೇಲೆ ಆದ ಮೌನದಲ್ಲಿ, ಚಿಕ್ಕಪ್ಪ ಶಿವರಾಮ ಜೋಯಿಸರ ಮಾತು ಎಲ್ಲರಿಗೂ ಕೇಳಿಸಿತು.

"ಕುರ್ಚಿ ಸಾಲಲ್ಲ ಅಂತ ಸೋಫಾನೂ ಎಳೆಸ್ಕೊಂಡು ಬಂದ್ರಾ ಅಳಿಯಂದ್ರೇ?"

ಮೇಷ್ಟ್ರು ಪಾಯಸದ ಪಂಕ್ತಿಯಲ್ಲಿ ತಲೆ ಎತ್ತಲಿಲ್ಲ. ಬಡಿಸುವವರು ಕೂಡ, "ಇನ್ನೊಂಚೂರು ಹಾಕ್ಲಾ, ಎಳೆದು ಸುಸ್ತಾಗಿರ್ಬೇಕು," ಎಂದರು. ಊಟವಾದ ಮೇಲೆ ಮೇಷ್ಟ್ರು ಹಿತ್ತಲಿಗೆ ಹೋಗಿ ನಿಶಾಂತನಿಗೆ ಫೋನ್ ಮಾಡಿದರು.

"ಬಂದು ಎಳ್ಕೊಂಡು ಹೋಗಪ್ಪ. ಎಷ್ಟಕ್ಕಾದ್ರೂ ಮಾರಿಬಿಡು. ಯಾರು ತಗೊಂಡ್ರು ಅಂತ ನಂಗೆ ಹೇಳ್ಬೇಡ. ಯಾರು ಮಾರಿದ್ರು ಅಂತ ಅವರಿಗೂ ಹೇಳ್ಬೇಡ."

ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ನಿಶಾಂತನ ಫೋನು ಬಂತು. "ಸಾರ್, ಹೋಯ್ತು ಗಾಡಿ! ಪೈಪು ಬದಲಾಯಿಸಿ ನಿಲ್ಸಿದ್ದೆ ಅಷ್ಟೆ, ಪಾರ್ಟಿ ಬಂದು ಮುಂಗಡ ಕೊಟ್ಟು, ನಮ್ಮ ಹುಡುಗನ ಕೈಲಿ ಓಡಿಸ್ಕೊಂಡು ತಗೊಂಡೇ ಹೋದ್ರು. ಬೇರೆ ರಿಪೇರಿ ಮಾಡಿಕೊಡ್ಲಾ ಅಂದ್ರೆ, ಏನೂ ಮುಟ್ಟಬೇಡ, ಹಿಂಗೇ ಇರ್ಲಿ ಅಂದ್ರು!"

ಜಗತ್ತಿನಲ್ಲಿ ಇಂಥ ಮೂರ್ಖರೂ ಇದ್ದಾರಲ್ಲ ಎಂದು ಮೇಷ್ಟ್ರು ಬಹಳ ದಿನಗಳ ಮೇಲೆ ಮನಸಾರೆ ನಕ್ಕರು. ಕವನಾಗೆ ಮಲ್ಲಿಗೆ ಕೊಡಿಸಿದರು. ನಡೆದುಕೊಂಡು ತಮ್ಮ ಬೀದಿಯ ತಿರುವಿಗೆ ಬಂದರು.

ಸಿದ್ದಯ್ಯನವರ ಗೇಟಿನ ಮುಂದೆ, ಹಾರ ಹಾಕಿಸಿಕೊಂಡು, ಹಣೆಗೆ ಕುಂಕುಮ ಇಡಿಸಿಕೊಂಡು, ಆ ಕಾರೇ ಕೂತಿತ್ತು.

"ಬನ್ನಿ ಮೇಷ್ಟ್ರೇ!" ಸಿದ್ದಯ್ಯನವರು ಓಡಿಬಂದು ಕೈ ಹಿಡಿದುಕೊಂಡರು. "ಮಗಳ ಮನೆಯಿಂದ ವಾಪಸ್ ಬರ್ಬೇಕಾದ್ರೆ ಗ್ಯಾರೇಜ್ ಮುಂದೆ ಮಾರಾಟಕ್ಕೆ ಅಂತ ಬೋರ್ಡು! ನಿಮ್ಮ ಗಾಡಿ ಅಂತ ನೋಡಿದ ತಕ್ಷಣ ಗೊತ್ತಾಯ್ತು. ಅದರ ಗುಣ ನೀವು ಅಷ್ಟು ಬಿಡಿಸಿ ಹೇಳಿದ್ರಲ್ಲ, ಬೇರೆಯೋರ ಪಾಲಾಗೋಕೆ ಬಿಡ್ತೀವಾ?"

ಮೇಷ್ಟ್ರು ಕೈಮುಗಿದುಬಿಟ್ಟರು. "ಸಿದ್ದಯ್ಯನೋರೇ, ಬೇಡ, ವಾಪಸ್ ಕೊಡಿ. ನಾನು ಹೇಳಿದ್ದೆಲ್ಲ ಸುಳ್ಳು. ಅದು ಬಗ್ಗೋದಲ್ಲ, ಕುಸಿಯೋದು. ಕಾವು ಕೊಡೋದಲ್ಲ, ಕೆಟ್ಟಿರೋದು. ನಾಚ್ಕೊಂಡು ಸುಳ್ಳು ಹೇಳ್ದೆ."

ಸಿದ್ದಯ್ಯನವರ ಕಣ್ಣು ತೇವವಾಯಿತು. "ನೋಡೇ ಸಾವಿತ್ರಿ, ಎಷ್ಟು ಪ್ರೀತಿ ಇಟ್ಕೊಂಡಿದ್ರು. ಬಿಟ್ಟಿರೋಕೆ ಆಗ್ದೆ ಏನೇನೋ ಮಾತಾಡ್ತಿದಾರೆ." ಆಮೇಲೆ ಮೇಷ್ಟ್ರ ಹೆಗಲು ತಟ್ಟಿ, ಕೀಲಿಯನ್ನು ಅವರ ಅಂಗೈಯಲ್ಲಿಟ್ಟು ಬೆರಳು ಮಡಿಚಿದರು. "ಸಂಕಟ ಪಡ್ಬೇಡಿ. ನಂಗೆ ಡ್ರೈವಿಂಗ್ ಎಲ್ಲಿ ಬರುತ್ತೆ? ಗಾಡಿ ನಮ್ಮದಾದ್ರೂ ಓಡಿಸೋರು ನೀವೇ."

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಕವನಾ ಆಗಲೇ ಮನೆಯ ಬೀಗ ತೆಗೆಯುತ್ತಿದ್ದಳು.

ಹಿಂದಿನ ಸೀಟಿನಿಂದ ಸಾವಿತ್ರಮ್ಮ ಕತ್ತು ಹೊರಗೆ ಹಾಕಿ ಅಕ್ಕರೆಯಿಂದ ಕೇಳಿದರು: "ಬೇಸಿಗೆ ರಜ ಶುರುವಾಯ್ತಲ್ಲ ಮೇಷ್ಟ್ರೇ? ಕಾಶಿಗೆ ಹೋಗಿ ಬರೋಣ ಅಂತಿದೀವಿ."