ಯಾರೂ ಗೆಲ್ಲದ ಚಾಂಪಿಯನ್‌ಶಿಪ್ ಮತ್ತು ನಮ್ಮ ಮಾವನವರು

ನಾನು ಮೈಸೂರಿನವನು. ಯಾರು ಏನು ಹೇಳಿದರೂ ಹೌದಾ ಹೌದಾ ಅಂತ ತಲೆಯಾಡಿಸಿ, ಮನೆಯೊಳಗೆ ಬಂದ ಮೇಲೆ ಅನುಮಾನ ಪಡುವ ಜಾತಿ. ಹೆಂಡತಿ ಧಾರವಾಡದವಳು. ಅನುಮಾನ ಬಂದರೆ ನಿಂತ ಜಾಗದಲ್ಲೇ ಕೇಳಿಬಿಡುತ್ತಾಳೆ. ಅವಳ ತಂದೆ ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರು. ಅನುಮಾನ ತಾನಾಗಿ ಬರಲಿ ಅಂತ ಕಾಯುವವರೇ ಅಲ್ಲ. ಇಂಥವರ ಪಕ್ಕದ ಮನೆಯಲ್ಲಿ ಒಬ್ಬ ಡಚ್ ಅಜ್ಜ ಇದ್ದರು. ಹಾಗಾಗಿ ವಾರಕ್ಕೊಂದಾದರೂ ಏನಾದರೂ ಆಗದೆ ಇರುತ್ತಿರಲಿಲ್ಲ.

ಬೇಲಿಯ ಪಕ್ಕ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾವು ಹ್ಯೂಸ್ಟನ್ ಹತ್ತಿರದ ಪೇರ್ಲ್ಯಾಂಡ್‌ನಲ್ಲಿ ಮನೆ ತೊಗೊಂಡೆವು. ಮೊದಲ ಭಾನುವಾರವೇ ಪಕ್ಕದ ಮನೆಯ ಅಜ್ಜ ಬೇಲಿಯ ಹತ್ತಿರ ಬಂದು ಮಾತಾಡಿಸಿದರು. ವಯಸ್ಸು ಎಂಬತ್ತರ ಹತ್ತಿರ, ಹುಟ್ಟಿದ್ದು ಹಾಲೆಂಡಿನಲ್ಲಿ.

"ನಮ್ಮಪ್ಪ ಸ್ಪೀಡ್ ಸ್ಕೇಟಿಂಗ್ ಮಾಡುತ್ತಿದ್ದರು. ಹೋದ ಶತಮಾನದ ಶುರುವಿನಲ್ಲಿ ವಿಶ್ವ ಚಾಂಪಿಯನ್‌ಶಿಪ್‌ಗೇ ಹೋಗಿದ್ದರು," ಅಂದರು.

ಮರ್ಯಾದೆಗೆ ಏನಾದರೂ ಕೇಳಬೇಕಲ್ಲ, "ಗೆದ್ದೋರು ಯಾರು?" ಅಂದೆ.

"ಯಾರೂ ಇಲ್ಲ."

"ಅಂದರೆ, ಪಂದ್ಯ ನಡೀಲಿಲ್ವಾ?"

"ಚೆನ್ನಾಗಿ ನಡೀತು. ಒಟ್ಟು ನಾಲ್ಕು ಓಟ. ಚಾಂಪಿಯನ್ ಅನ್ನಿಸಿಕೊಳ್ಳಬೇಕಾದರೆ ಒಬ್ಬನೇ ಮೂರರಲ್ಲಿ ಗೆಲ್ಲಬೇಕು. ಆ ಸಲ ಯಾರೂ ಮೂರು ಗೆಲ್ಲಲಿಲ್ಲ. ಎಲ್ಲರೂ ಮನೆಗೆ ಹೋದರು."

ನಾನು ಹೌದಾ ಹೌದಾ ಅಂದೆ. ಒಳಗೆ ಬಂದು ಹೆಂಡತಿಗೆ ಹೇಳಿದೆ: "ಮನೆಯ ಇನ್ನೊಂದು ಕೀ ಪಕ್ಕದವರ ಹತ್ತಿರ ಇಡೋಣ ಅಂದಿದ್ಯಲ್ಲ, ಅಜ್ಜ ಇರೋದು ಬಲಗಡೆ, ಎಡಗಡೆ ಮನೇಲಿ ಯಾರಿದಾರೆ ನೋಡು."

ಮಸೆಯುವ ಸದ್ದು

ಜುಲೈ ತಿಂಗಳು. ಆಫೀಸಿಗೆ ಹೆಂಡತಿಯ ಫೋನು ಬಂತು. ದನಿ ಸಣ್ಣಗಿತ್ತು.

"ರೀ, ಆ ಅಜ್ಜಾರು ಗ್ಯಾರೇಜಿನ್ಯಾಗ ಕುಂತು ಕತ್ತಿ ಮಸ್ಯಾಕತ್ತಾರ. ಒಂದಲ್ಲ, ಎರಡು."

ಬೇಗ ಮನೆಗೆ ಬಂದೆ. ಇಬ್ಬರೂ ಸಂಜೆಯ ವಾಕಿಂಗ್ ಅನ್ನೋ ನೆಪದಲ್ಲಿ ಅವರ ಗ್ಯಾರೇಜಿನ ಮುಂದೆ ಸುಳಿದಾಡಿದೆವು. ಅಜ್ಜನೇ ಕರೆದು ತೋರಿಸಿದರು. ಹಳೆಯ ಕಪ್ಪು ಚರ್ಮದ ಬೂಟು, ಅದರ ತಳಕ್ಕೆ ಎರಡು ಗೇಣುದ್ದದ ಬ್ಲೇಡು. ಅವರಪ್ಪನ ಸ್ಕೇಟ್ಸು.

"ಈ ಊರಲ್ಲಿ ಐಸ್ ಇರೋದು ಫ್ರಿಜ್ಜಿನಲ್ಲಿ. ಯಾಕೆ ಮಸೀತಿದೀರಿ?" ಅಂತ ಕೇಳಿದೆ.

"ಹ್ಯೂಸ್ಟನ್ ಗಾಳಿಗೆ ತುಕ್ಕು ಹಿಡಿಯುತ್ತೆ. ಅಪ್ಪ ಬೈತಾರೆ," ಅಂದರು. ಅಪ್ಪ ತೀರಿಹೋಗಿ ಎಷ್ಟೋ ವರ್ಷವಾಗಿತ್ತು.

ನನಗೆ ಪಾಪ ಅನ್ನಿಸಿತು. ಹೆಂಡತಿ ಮಾತ್ರ ಬೂಟನ್ನು ತಲೆಕೆಳಗಾಗಿಸಿ, ಅಂಚಿಗೆ ಬೆರಳಿಟ್ಟು ನೋಡಿದಳು. ಮನೆಗೆ ಬಂದು ಹೇಳಿದಳು: "ಕಾಲಿಗೆ ಹಾಕ್ಕೊಳ್ಳೋದಂತ! ನನಗ ಗೊತ್ತಿಲ್ಲೇನು, ಅದು ಈಳಿಗಿ. ಇಂಡಿಯನ್ ಅಂಗಡ್ಯಾಗ ಕೇಳಿ ಕೇಳಿ ಸಾಕಾತು, ಇವರಿಗೆ ಎಲ್ಲಿ ಸಿಕ್ತು?"

ಮರ್ಫಿಯ ಇಂಜಿನಿಯರು

ಡ್ಯಾಲಸ್ ಪಕ್ಕದ ಮರ್ಫಿಯಲ್ಲಿ ನನ್ನ ಕಾಲೇಜು ಗೆಳೆಯನಿದ್ದಾನೆ, ಸಾಫ್ಟ್‌ವೇರ್ ಇಂಜಿನಿಯರು. ಅವನ ಮನೆಗೆ ಊಟಕ್ಕೆ ಹೋದಾಗ ಅಜ್ಜನ ಕಥೆ ಹೇಳಿದೆ.

"ಬುರುಡೆ," ಅಂದವನೇ ಅರ್ಧ ಊಟಕ್ಕೆ ಎದ್ದು ಕಂಪ್ಯೂಟರ್ ಆನ್ ಮಾಡಿದ. ಇಂಟರ್‌ನೆಟ್ ಕಿರ್ರೋ ಅಂತ ಕೂಗಿಕೊಂಡು ಕನೆಕ್ಟ್ ಆಗುವಷ್ಟರಲ್ಲಿ ನನ್ನ ಮೊಸರನ್ನ ಮುಗಿದಿತ್ತು. ಆ ಕಾಲದ ಚಾಂಪಿಯನ್ನರ ಪಟ್ಟಿ ಎಲ್ಲೋ ಸಿಕ್ಕಿತು. ಕೆಲವು ವರ್ಷಗಳ ಎದುರು ಹೆಸರೇ ಇಲ್ಲ, ಖಾಲಿ.

"ನೋಡು, ನಿಮ್ಮ ಅಜ್ಜ ಇದನ್ನ ನೋಡೇ ಕಥೆ ಕಟ್ಟಿರೋದು. ಇದು ಬಗ್ ಕಣೋ. ಡೇಟಾ ಬಿಟ್ಟುಹೋಗಿದೆ, ಯಾವನೂ ಟೆಸ್ಟ್ ಮಾಡಿಲ್ಲ," ಅಂದು ಆ ವೆಬ್‌ಸೈಟಿನವರಿಗೆ ಖಾರವಾಗಿ ಒಂದು ಇ-ಮೇಲ್ ಹಾಕಿದ.

ಮುಂದಿನ ವಾರ ಅವನ ಫೋನು. "ಉತ್ತರ ಬಂತು. ಅದು ಬಗ್ ಅಲ್ವಂತೆ, ಆಗಿನ ರೂಲೇ ಹಾಗಿತ್ತಂತೆ."

"ಹಾಗಾದರೆ ಅಜ್ಜ ಹೇಳಿದ್ದು ನಿಜ."

"ನಿಜಾನಾ? ಲೋ, ದಿನಾ ಬೆಳಗ್ಗೆ ಕಸ್ಟಮರ್‌ಗೆ ನಾನು ಹೇಳೋದೂ ಅದನ್ನೇ! ಬಗ್ ಅಲ್ಲ ಸ್ವಾಮಿ, ಡಿಸೈನೇ ಹಾಗಿದೆ ಅಂತ!"

ವಿಚಾರಣೆ

ಅಷ್ಟರಲ್ಲಿ ಮಾವನವರು ಧಾರವಾಡದಿಂದ ಬಂದರು. ಸಂಗತಿ ಕಿವಿಗೆ ಬಿದ್ದ ದಿನವೇ, "ಅಳಿಯಂದ್ರ, ಅವರನ್ನ ಚಹಾಕ್ಕ ಕರೀರಿ," ಅಂದರು.

ಅಜ್ಜ ಪಾಪ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದರು. ಮಾವನವರು ಅವರನ್ನು ಕಿಟಕಿಯ ಬೆಳಕು ನೇರ ಮುಖಕ್ಕೆ ಬೀಳುವ ಕುರ್ಚಿಯಲ್ಲಿ ಕೂರಿಸಿದರು. ನಾನು ದುಭಾಷಿ.

"ಒಮ್ಮೆಗೆ ಎಷ್ಟ ಮಂದಿ ಓಡತಿದ್ರು, ಕೇಳ್ರಿ."

"ಇಬ್ಬರೇ. ಪ್ರತಿ ಸಲ ಇಬ್ಬರಿಬ್ಬರು, ಗಡಿಯಾರ ಇಟ್ಟುಕೊಂಡು," ಅಂದರು ಅಜ್ಜ.

"ಇಬ್ಬರ ಓಡಿದ್ರ ಅದು ರೇಸ್ ಅಲ್ರಿ, ಕಳ್ಳ-ಪೊಲೀಸ್. ಇರಲಿ. ಬಿದ್ದರ ಏನ್ ಮಾಡತಿದ್ರು?"

"ಎದ್ದು ಓಡುತ್ತಿದ್ದರು. ಅಪ್ಪ ಬಿದ್ದಿದ್ದರು."

ಮಾವನವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. "ಹಂಗಾರ ನಿಮ್ಮಪ್ಪಾರು ಎಷ್ಟನೇದವರಾಗಿ ಬಂದ್ರು?"

ಅಜ್ಜ ಚಹಾದ ಕಪ್ಪನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು. "ಕೊನೆಯವರು. ಎಲ್ಲ ಓಟದಲ್ಲೂ."

ಮಾವನವರು ಎದ್ದು, ತಮ್ಮ ತಟ್ಟೆಯಲ್ಲಿದ್ದ ಧಾರವಾಡ ಪೇಡೆಯನ್ನು ಅಜ್ಜನ ತಟ್ಟೆಗೆ ಹಾಕಿದರು. ಅಜ್ಜ ಹೋದ ಮೇಲೆ ತೀರ್ಪು ಕೊಟ್ಟರು: "ಮನಶ್ಯಾ ಖರೇ ಅದಾನ. ಸುಳ್ಳ ಹೇಳಾವ ಎರಡನೇದಂವ ಬಂದೆ ಅಂತಾನ್ರಿ. ಕಡೇದಂವ ಬಂದೆ ಅಂತ ಸುಳ್ಳ ಹೇಳಿದಾಂವ ನನ್ನ ಸರ್ವಿಸಿನ್ಯಾಗ ಒಬ್ಬನೂ ಸಿಕ್ಕಿಲ್ಲ."

ಮಾಲ್‌ನಲ್ಲಿ

ಅಜ್ಜ ಮನೆ ಮಾರಿ ಆಸ್ಟಿನ್‌ನ ಮಗಳ ಹತ್ತಿರ ಶಿಫ್ಟ್ ಆಗುವುದೆಂದಾಯಿತು. ಅದಕ್ಕೆ ಮೊದಲು ಒಂದೇ ಆಸೆ, ಅಪ್ಪನ ಸ್ಕೇಟ್ಸ್ ಹಾಕಿಕೊಂಡು ಐಸ್ ಮೇಲೆ ಒಂದು ಸುತ್ತು. ಡ್ರೈವ್ ಮಾಡುವುದನ್ನು ಡಾಕ್ಟರು ನಿಲ್ಲಿಸಿದ್ದರು. "ಕರಕೊಂಡು ಹೋಗ್ತೀರಾ? ಮಗಳಿಗೆ ಹೇಳಬೇಡಿ," ಅಂದರು.

ಹ್ಯೂಸ್ಟನ್‌ನ ಒಂದು ಮಾಲ್‌ನೊಳಗೆ ಐಸ್ ರಿಂಕ್ ಇತ್ತು. ಆಗಸ್ಟ್ ತಿಂಗಳ ಒಂದು ಬೆಳಗ್ಗೆ ಅಜ್ಜ, ಮಾವನವರು, ನಾನು ಮೂವರೂ ಹೋದೆವು. ಹೊರಗೆ ರಸ್ತೆಯೇ ಕಾದ ಕಾವಲಿ. ಮಾವನವರು ಮಾತ್ರ, ಐಸ್ ಅಂದರೆ ಥಂಡಿ ಅಂತ, ಕೋಟು, ಮಫ್ಲರು, ಕಣ್ಣು ಬಿಟ್ಟು ಉಳಿದದ್ದೆಲ್ಲ ಮುಚ್ಚುವ ಮಂಕಿ ಕ್ಯಾಪು ಹಾಕಿಕೊಂಡಿದ್ದರು.

ರಿಂಕಿನವನು ಬ್ಲೇಡನ್ನು ನೋಡಿದ, ಅಜ್ಜನ ವಯಸ್ಸನ್ನು ನೋಡಿದ, ಆಮೇಲೆ ನನ್ನನ್ನು ದುರುಗುಟ್ಟಿ ನೋಡಿದ. ಕೊನೆಗೆ "ಒಂದೇ ಸುತ್ತು, ನಿಧಾನಕ್ಕೆ," ಅಂದ. ಅಜ್ಜ ಐಸ್ ಮೇಲೆ ಕಾಲಿಟ್ಟು, ಒಂದು ಕೈ ಬೆನ್ನಿಗಿಟ್ಟು, ಸೊಂಟ ಬಗ್ಗಿಸಿ ಹೊರಟರು ನೋಡಿ! ಮನೆಯ ಮುಂದೆ ಕೋಲೂರಿಕೊಂಡು ನಡೆಯುತ್ತಿದ್ದವರು ಇವರೇನಾ ಅನ್ನಿಸಿತು. ಮಾವನವರಿಗೆ ತೋರಿಸೋಣ ಅಂತ ತಿರುಗಿದರೆ ಅವರಿಲ್ಲ.

ಅವರು ಒಂದು ಅಂಗಡಿಯ ಮುಂದೆ ಸೆಕ್ಯುರಿಟಿ ಗಾರ್ಡ್ ಜೊತೆ ನಿಂತಿದ್ದರು. ಹಳೆಯ ಅಭ್ಯಾಸ, ಜೇಬುಗಳ್ಳರು ಇದ್ದಾರೇನೋ ಅಂತ ಹೋಗಿ ಬರುವವರ ಬ್ಯಾಗನ್ನೆಲ್ಲ ದಿಟ್ಟಿಸಿದ್ದಾರೆ. ಈ ಬಿಸಿಲುಗಾಲದಲ್ಲಿ ಮುಖ ಮುಚ್ಚಿಕೊಂಡವನೊಬ್ಬ ಬ್ಯಾಗುಗಳನ್ನೇ ನೋಡುತ್ತಿದ್ದಾನೆ ಅಂತ ಅಂಗಡಿಯವಳು ದೂರು ಕೊಟ್ಟಿದ್ದಾಳೆ. ಗಾರ್ಡ್ ಟೋಪಿ ತೆಗೆಸಿ ಮುಖ ನೋಡಿದ, ಸಾರಿ ಅಂದ, ಕೈ ಕುಲುಕಿ ಕಳಿಸಿದ.

ವಾಪಸು ಬರುವಾಗ ಅಜ್ಜ ಹಿಂದಿನ ಸೀಟಿನಲ್ಲಿ ಸ್ಕೇಟ್ಸನ್ನು ತೊಡೆಯ ಮೇಲಿಟ್ಟುಕೊಂಡು ಮಗುವಿನ ಹಾಗೆ ನಗುತ್ತಿದ್ದರು. ಮಾವನವರು ಮಾತ್ರ ಗುಮ್ಮೆಂದು ಕೂತಿದ್ದರು. ಅವಮಾನವಾಗಿರಬೇಕು ಅಂತ ನಾನು ಸಮಾಧಾನಕ್ಕೆ ಹೊರಟೆ.

"ಬೇಜಾರು ಮಾಡ್ಕೋಬೇಡಿ ಮಾವ. ಪಾಪ, ಅವನು ಅವನ ಡ್ಯೂಟಿ ಮಾಡಿದ."

"ಏನ್ ಡ್ಯೂಟಿ ಮಾಡಿದ್ನ್ರಿ ಅಂವ?" ಮಾವನವರು ಸಿಡಿದರು. "ಹೆಸರ ಕೇಳ್ಲಿಲ್ಲ, ಅಡ್ರೆಸ್ ಕೇಳ್ಲಿಲ್ಲ, ಕೋಟಿನ ಕಿಸೆ ಮುಟ್ಟಿ ಸುದ್ದಾ ನೋಡ್ಲಿಲ್ಲ. ನನ್ನಂಥಾವನ್ನ ಇಷ್ಟ ಹಗುರ ಬಿಟ್ಟಾನಂದ್ರ, ಅಳಿಯಂದ್ರ, ಬರಕೊಳ್ರಿ, ಆ ಮಗಾ ಕಳ್ಳರ ಕಡೇದಂವ!"