ಖಾಲಿ ಚೌಕಗಳಲ್ಲಿ ಗ್ರೀಕು

ದೊಡ್ಡಬಳ್ಳಾಪುರದಲ್ಲಿ ಕೂತು ವೆಬ್ ಪುಟ ಮಾಡಿಕೊಡುವವನ ಪಾಡೇ ಹೀಗೆ. ಸೀರೆ ಅಂಗಡಿ, ಕಲ್ಯಾಣ ಮಂಟಪ, ಮಾಕಳಿದುರ್ಗಕ್ಕೆ ಚಾರಣ ಕರೆದೊಯ್ಯುವವರು, ಯಾರ ಪುಟ ಮಾಡಿದರೂ ಒಂದು ಎಡವಟ್ಟು ಆಗಿಯೇ ತೀರುತ್ತದೆ. ಹೆಚ್ಚಿನವು ನಕ್ಕು ಮರೆಯುವಂಥವು. ಮೇಷ್ಟ್ರ ಗ್ರೀಕಿನ ಕಥೆ ಮಾತ್ರ ನಕ್ಕ ಮೇಲೂ ಮರೆಯಲಾಗುವುದಿಲ್ಲ.

೧. ಒಬ್ಬನೇ ಓದುಗ

ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಬಂದು, ಹಳೆಯ ಗ್ರೀಕ್ ಅಕ್ಷರ ವೆಬ್ ಪುಟದಲ್ಲಿ ಮೂಡುತ್ತದೆಯೇ ಎಂದು ಕೇಳಿದರು. ಪಾದ್ರಿಯಾಗಬೇಕೆಂದು ಓದುತ್ತಿದ್ದಾಗ ಕಲಿತ ಭಾಷೆಯಂತೆ. ಜೊತೆಗೆ ಕಲಿತ ಗೆಳೆಯ ದೇವನಹಳ್ಳಿಯಲ್ಲಿದ್ದಾರೆ. ಆಗ ಇಬ್ಬರೂ ಬಾಯಿಪಾಠ ಮಾಡಿದ್ದ ಪದ್ಯಗಳನ್ನು ವಾರಕ್ಕೊಂದರಂತೆ ಹಾಕಬೇಕು. ಮೇಲೆ ಗ್ರೀಕು, ಕೆಳಗೆ ಮೇಷ್ಟ್ರ ಕನ್ನಡ.

ಯಾರು ಓದುತ್ತಾರೆ ಸಾರ್ ಎಂದೆ.

"ಓದೋಕೆ ಬರೋನು ಅವನೊಬ್ಬನೇ ಕಣಪ್ಪಾ. ಅವನಿಗೋಸ್ಕರಾನೇ ಮಾಡ್ತಿರೋದು."

ಒಬ್ಬನೇ ಓದುಗನಿಗೆ ಪುಟವೇ ಎಂದು ಒಳಗೊಳಗೇ ನಕ್ಕೆ. ನಾನು ಮಾಡಿಕೊಟ್ಟ ಕಲ್ಯಾಣ ಮಂಟಪದ ಪುಟಕ್ಕೆ ಆ ಒಬ್ಬನೂ ಇರಲಿಲ್ಲ.

೨. ಧೂಳು

ಗ್ರೀಕ್ ಅಕ್ಷರಗಳ ತಲೆಯ ಮೇಲೆ ಅಲ್ಪವಿರಾಮ, ಓರೆಗೆರೆ, ಟೋಪಿಯಂಥ ಗುರುತುಗಳು ಕೂತಿರುತ್ತವೆ. ಎಲ್ಲಿಂದಲೋ ಹಳೆಯ ಫಾಂಟು ಹುಡುಕಿ ನನ್ನ ಕಂಪ್ಯೂಟರಿಗೆ ಹಾಕಿ ಪುಟ ತೆರೆದಾಗ, ಆ ಗುರುತುಗಳನ್ನು ಕಂಡು ಪರದೆಗೆ ಧೂಳು ಹಿಡಿದಿದೆ ಎಂದು ಕರವಸ್ತ್ರದಲ್ಲಿ ಒರೆಸತೊಡಗಿದೆ. ಮೇಷ್ಟ್ರು ತಡೆಯಲಿಲ್ಲ.

"ಒರೆಸು. ಹೋದ್ರೆ ಹೇಳು," ಎಂದರು.

೩. ಚೌಕುಳಿ ಅಂಚು

ವಾರವಾರ ಪದ್ಯ ಏರಿತು. ಮೇಷ್ಟ್ರದು ಗುಂಡಿ ಒತ್ತುವ ಫೋನು, ಹಾಗಾಗಿ ಪುಟವನ್ನು ನನ್ನ ಅಂಗಡಿಯಲ್ಲೇ ನೋಡಿ ಖುಷಿಪಡುತ್ತಿದ್ದರು. ಪುಟದ ವಿಳಾಸವನ್ನು ಗೆಳೆಯನಿಗೆ ಕಾಗದದಲ್ಲಿ ಬರೆದು ಕಳಿಸಿದ್ದರು, ಆದರೆ ದೇವನಹಳ್ಳಿಯಿಂದ ಒಂದು ಮಾತಿಲ್ಲ. ಅವನೇ ಫೋನ್ ಮಾಡಲಿ ಎಂದು ಇವರೂ ಬಿಗಿದುಕೊಂಡು ಕೂತರು. ಹಾಗೇ ವರ್ಷ ಕಳೆಯಿತು.

ಒಂದು ದಿನ ಪಕ್ಕದ ಮಗ್ಗದ ಮಾಲೀಕ ಹೊಸ ಸೀರೆ ಹಿಡಿದು ಬಂದ. ಅಂಚಿನ ಉದ್ದಕ್ಕೂ ಸಣ್ಣ ಸಣ್ಣ ಖಾಲಿ ಚೌಕ, ನಡುನಡುವೆ ಜಾಗ.

"ಗುರು, ಮೇಷ್ಟ್ರು ಡಿಸೈನ್ ಮಾಡ್ತಾರೆ ಅಂತ ಹೇಳ್ಲೇ ಇಲ್ವಲ್ಲ," ಎಂದು, ತಾನು ನೋಡಿ ನೇಯ್ದ ಮೇಷ್ಟ್ರ ಪುಟವನ್ನು ತನ್ನ ಫೋನಿನಲ್ಲಿ ತೋರಿಸಿದ. ಆಗ ಗೊತ್ತಾಯಿತು. ಫಾಂಟು ಇದ್ದದ್ದು ನನ್ನ ಕಂಪ್ಯೂಟರಿನಲ್ಲಿ ಮಾತ್ರ. ಬೇರೆಲ್ಲ ಕಡೆ ಪ್ರತಿ ಅಕ್ಷರಕ್ಕೆ ಒಂದು ಖಾಲಿ ಚೌಕ, ತಲೆಯ ಮೇಲಿನ ಪ್ರತಿ ಗುರುತಿಗೆ ಇನ್ನೊಂದು. ಕನ್ನಡವೊಂದು ನೆಟ್ಟಗಿತ್ತು.

ಸೀರೆ ಚೆನ್ನಾಗಿ ಓಡಿತು. ನಮ್ಮೂರ ಹೆಂಗಸರು ಈಗಲೂ ಆ ಪದ್ಯಗಳನ್ನು ಉಟ್ಟು ಮದುವೆಗಳಿಗೆ ಹೋಗುತ್ತಾರೆ.

೪. ದೇವನಹಳ್ಳಿ

ಪುಟ ಸರಿಮಾಡಿ, ಮೇಷ್ಟ್ರಿಗೆ ವಿಷಯ ತಿಳಿಸಿ, ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ದೇವನಹಳ್ಳಿಗೆ ಹೊರಟೆ. ಕೋಟೆಯ ಪಕ್ಕದ ಮನೆಯಲ್ಲಿ ಗೆಳೆಯರು ಇವರನ್ನು ಕಂಡವರೇ, ಹೋಂವರ್ಕ್ ಮಾಡದೆ ಬಂದ ಹುಡುಗನಂತೆ ತಲೆ ತಗ್ಗಿಸಿದರು.

"ಬಿಟ್ಟ ಸ್ಥಳ ತುಂಬಿ ಅಂತ ಪರೀಕ್ಷೆ ಕೊಟ್ಟಿದೀಯ ಅಂದ್ಕೊಂಡೆ ಕಣೋ. ಕನ್ನಡ ನೋಡ್ತಿದ್ದ ಹಾಗೇ ಗ್ರೀಕು ನೆನಪಾಗೋದು. ಚೌಕಕ್ಕೊಂದು ಅಕ್ಷರ ಅಂತ ಬೆರಳಿಟ್ಟು ಹೇಳ್ಕೊಂಡು ಹೋಗ್ತಿದ್ದೆ. ಪದ್ಯ ಮುಗಿಯೋದು, ಚೌಕ ಉಳ್ಕೊಳ್ಳೋದು. ಪ್ರತಿ ಸಲಾನೂ. ನಂಗೆ ಮರೆವು ಬಂದ್ಬಿಡ್ತು ಅಂದ್ಕೊಂಡೆ. ಯಾವ ಮುಖ ಇಟ್ಕೊಂಡು ಫೋನ್ ಮಾಡ್ಲಿ?"

ವರ್ಷವಿಡೀ ನೆನಪಿನ ಶಕ್ತಿಗೆಂದು ದಿನಾ ಬೆಳಗ್ಗೆ ಒಂದೆಲಗದ ಚಟ್ನಿ ತಿಂದರಂತೆ. ಮನೆಯವರಿಗೂ ತಿನ್ನಿಸಿದರಂತೆ.

ಉಳಿದ ಚೌಕಗಳು ಅಕ್ಷರದ ಮೇಲಿನ ಗುರುತುಗಳವು, ನೀವು ಒಂದಕ್ಷರವನ್ನೂ ಮರೆತಿಲ್ಲ ಎಂದು ವಿವರಿಸಿದೆ. ಮೇಷ್ಟ್ರು ಗೆಳೆಯನ ಕೈ ಹಿಡಿದುಕೊಂಡರು. ಎರಡೂರಿನ ನಡುವೆ ಬೇಕಾದಷ್ಟು ಬಸ್ಸುಗಳು ಓಡುತ್ತವೆ. ಇಬ್ಬರಲ್ಲಿ ಒಬ್ಬರು ಒಂದನ್ನು ಹತ್ತಿದ್ದರೆ ಸಾಕಿತ್ತು. ಈ ವಯಸ್ಸಿನಲ್ಲಿ ಒಂದು ವರ್ಷದ ಮಾತು ಹಾಳಾಯಿತು.

ಸರಿಯಾದ ಪುಟ ತೆರೆದು ಫೋನು ಕೊಟ್ಟೆ. ಗೆಳೆಯರು ಕಣ್ಣೊರೆಸಿಕೊಂಡು, ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಮೂರನೇ ಸಾಲಿಗೆ ನಿಂತರು. ಒಂದು ಗುರುತು ತಪ್ಪಾಗಿದೆ ಎಂದರು. ಮೇಷ್ಟ್ರು ಕೈ ಬಿಟ್ಟರು. ಇಲ್ಲವೇ ಇಲ್ಲ ಎಂದರು. ಇದೆ ಎಂದರು ಗೆಳೆಯರು. ಕಾಫಿ ಬಂದು ಆರಿತು, ವಾದ ಮುಗಿಯಲಿಲ್ಲ.

ಕೊನೆಗೆ ಗೆಳೆಯರು ಫೋನನ್ನು ನನಗೆ ಹಿಂತಿರುಗಿಸಿ ನಿಟ್ಟುಸಿರು ಬಿಟ್ಟರು.

"ಚೌಕ ಇದ್ದಾಗ್ಲೇ ಚೆನ್ನಾಗಿತ್ತು ಕಣಪ್ಪಾ. ಒಂದೂ ತಪ್ಪಿರ್ಲಿಲ್ಲ."