ಎಡಕ್ಕೆ ಓರಗಿತ್ತಿ, ಬಲಕ್ಕೆ ನಾನು

ನನಗೆ ನನ್ನ ಮೇಲೆ ವಿಪರೀತ ಕಾನ್ಫಿಡೆನ್ಸ್. ಇದು ಕಾನ್ವೆಂಟಿನ ಕೊಡುಗೆ ಅಂತ ನಮ್ಮ ಯಜಮಾನರು ಮದುವೆಯಾದಾಗಿನಿಂದ ಹೇಳುತ್ತಾ ಬಂದಿದ್ದಾರೆ. ಇರಬಹುದು. ಕೈಬರಹ ಸೊಟ್ಟಗಾದರೆ ಸ್ಕೇಲಿನಲ್ಲಿ ಹೊಡೆಯುತ್ತಿದ್ದ ನಮ್ಮ ಸಿಸ್ಟರ್‌ಗಳು, ತಪ್ಪು ಉತ್ತರವನ್ನು ಮಾತ್ರ ತಲೆ ಎತ್ತಿ, ಗಟ್ಟಿಯಾಗಿ, ಪೂರ್ತಿ ವಾಕ್ಯದಲ್ಲಿ ಹೇಳಿದರೆ ಕ್ಷಮಿಸಿಬಿಡುತ್ತಿದ್ದರು. ಹಾಗಾಗಿ ತಪ್ಪನ್ನು ಗಟ್ಟಿಯಾಗಿ ಹೇಳುವ ವಿದ್ಯೆ ಈ ಎಪ್ಪತ್ತೆರಡರಲ್ಲೂ ನನ್ನ ಕೈಬಿಟ್ಟಿಲ್ಲ. ಅಲ್ಲೇ ಕಲಿತ ಇನ್ನೊಂದು ವಿದ್ಯೆ ಗಿಟಾರ್. ಚಾಪೆಲ್ ಹಿಂದಿನ ವರಾಂಡದಲ್ಲಿ, ಶನಿವಾರ ಬೆಳಿಗ್ಗೆ, ನಾವು ನಾಲ್ಕು ಹುಡುಗಿಯರು ಒಂದೇ ಗಿಟಾರನ್ನು ಸರದಿಯ ಮೇಲೆ ಹಿಡಿದು ಕಲಿತೆವು. ಉಳಿದ ಮೂವರು ಈಗ ಎಲ್ಲಿದ್ದಾರೋ ತಿಳಿಯದು. ಎಲ್ಲಾದರೂ ಆ ವರಾಂಡದ ಫ್ಲೋರ್ ಪಾಲಿಶ್ ವಾಸನೆ ಬಂದರೆ ಮಾತ್ರ ನನ್ನ ಎಡಗೈ ಬೆರಳುಗಳು ತಾವಾಗಿ ಸಿ ಮೇಜರ್ ಹಿಡಿಯುತ್ತವೆ.

ಜಯನಗರದ ನಮ್ಮ ಮನೆಯಲ್ಲಿ ಮಹಡಿ ಮೇಲೆ ನಾವು, ಕೆಳಗೆ ನನ್ನ ಓರಗಿತ್ತಿ ವಿಮಲಾ. ಮೈದುನನ ಹೆಂಡತಿ, ನನಗಿಂತ ಆರು ವರ್ಷ ಚಿಕ್ಕವಳು. ಅವಳು ಮದುವೆಯಾಗಿ ಬಂದಾಗ ತವರಿನಿಂದ ಬೀರು ಮಂಚದ ಜೊತೆ ಒಂದು ಹವಾಯಿಯನ್ ಗಿಟಾರನ್ನೂ ತಂದಿದ್ದಳು. ಆ ಕಾಲದಲ್ಲಿ ಒಳ್ಳೆಯ ಮನೆತನದ ಹೆಣ್ಣುಮಕ್ಕಳು ತೊಡೆಯ ಮೇಲಿಟ್ಟುಕೊಂಡು ನುಡಿಸುತ್ತಿದ್ದರಲ್ಲ, ಅದೇ. ಸಂಸಾರ, ಮಕ್ಕಳು, ಶ್ರಾದ್ಧ, ಮುಂಜಿ ಅಂತ ಮೂವತ್ತು ವರ್ಷ ಅವಳದ್ದೂ, ನಾನು ತವರಿನಿಂದ ತಂದಿದ್ದ ಗಿಟಾರೂ ಅಟ್ಟದ ಮೇಲೆ ಅಕ್ಕಪಕ್ಕ ಮಲಗಿದ್ದವು. ಈಚೆಗೆ ಇಬ್ಬರೂ ಎಲೆಕ್ಟ್ರಿಕ್ ಗಿಟಾರ್ ಕೊಂಡೆವು. ಫ್ಯಾಷನ್ನಿಗಲ್ಲ, ಮಾರಾಯರೆ, ಅದರ ತಂತಿ ಮೆತ್ತಗಿರುತ್ತದೆ, ಗಂಟುನೋವಿನ ಬೆರಳಿಗೆ ಹಿತ. ಇಬ್ಬರಿಗೂ ಒಂದೊಂದು ಪುಟ್ಟ ಆಂಪ್ಲಿಫೈಯರ್. ಯಡಿಯೂರು ಕೆರೆ ಪಾರ್ಕಿನ ನಮ್ಮ ವಾಕಿಂಗ್ ಗ್ರೂಪಿನ ವಾರ್ಷಿಕೋತ್ಸವಕ್ಕೆ ಜೋಡಿಯಾಗಿ ನುಡಿಸುತ್ತೇವೆ ಅಂತ ನಾನು, ವಿಮಲಾಳನ್ನು ಕೇಳದೆ, ಗಟ್ಟಿಯಾಗಿ ಹೇಳಿಬಿಟ್ಟೆ. ಆಹ್ವಾನ ಪತ್ರಿಕೆಯಲ್ಲಿ ಇಬ್ಬರ ಹೆಸರೂ ಅಚ್ಚಾಯಿತು.

ಪ್ರಾಕ್ಟೀಸ್ ಶುರುವಾದ ಮೂರನೇ ದಿನ ಪಕ್ಕದ ಮನೆಯ ನಿವೃತ್ತ ಪ್ರೊಫೆಸರು ಗೇಟಿನ ಹತ್ತಿರ ನಿಂತು, "ಮೇಡಂ, ನಿಮ್ಮ ಸಂಗೀತ ಬಹಳ ಚೆನ್ನಾಗಿದೆ. ಆದರೆ ನಮ್ಮನೆಗೂ ಬರುತ್ತೆ" ಅಂದರು. ಹಿಂದೆ ಎರಡು ಮನೆಗಳ ನಡುವೆ ಒಂದು ಮಾವಿನ ಮರ, ಒಂದು ಬಾವಿ ಹಿಡಿಸುವಷ್ಟು ಜಾಗವಿತ್ತು. ಈಗ ಅವರ ಕುಕ್ಕರಿನ ವಿಷಲ್ ಕೇಳಿ ನಾವು ಸ್ಟವ್ ಆರಿಸುತ್ತೇವೆ. ಅವರ ಮಧ್ಯಾಹ್ನದ ನಿದ್ದೆ ಕೆಡಿಸುವುದು ಬೇಡವೆಂದು ಬಸವರಾಜಣ್ಣನನ್ನು ಕರೆಸಿದೆ. ಗಣೇಶನ ಪೆಂಡಾಲಿಗೆ, ಗೃಹಪ್ರವೇಶಕ್ಕೆ ಶಾಮಿಯಾನ, ಮೈಕ್‌ಸೆಟ್ ಹಾಕುವವನು ಅವನು. ಊಟದ ಡಬ್ಬಿಯಷ್ಟು ದೊಡ್ಡ ಒಂದು ಮಿಕ್ಸರ್ ತಂದ, ಮೈತುಂಬ ಬಣ್ಣಬಣ್ಣದ ತಿರುಪು. ಎರಡು ಆಂಪ್‌ಗಳ ಹೆಡ್‌ಫೋನ್ ತೂತಿನಿಂದ ಒಂದೊಂದು ವೈರು ಎಳೆದು ಅದಕ್ಕೆ ಸೇರಿಸಿದ. "ಇಲ್ಲಿ ಪಿನ್ ಚುಚ್ಚಿದ್ರೆ ಸ್ಪೀಕರ್ ಬಾಯಿ ಮುಚ್ಕೊಳ್ಳುತ್ತೆ, ಅಮ್ಮ. ಎರಡೂ ಸೌಂಡು ಇದರೊಳಗೆ ಕೂಡುತ್ತೆ. ನೀವಿಬ್ರೂ ಒಂದೊಂದು ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಹೊರಗಡೆ ಸೊಳ್ಳೆಗೂ ಕೇಳ್ಸಲ್ಲ" ಅಂದ. ಆಮೇಲೆ, "ಒಂದು ಗಿಟಾರ್ ಎಡಗಿವಿಗೆ, ಒಂದು ಬಲಗಿವಿಗೆ ಬಿಡ್ತೀನಿ, ಯಾರದ್ದು ಯಾವುದು ಅಂತ ಗೊತ್ತಾಗ್ಲಿ. ಬಲಕ್ಕೆ ಯಾರು?" ಅಂತ ಕೇಳಿದ.

ಇದೂ ಒಂದು ಪ್ರಶ್ನೆಯೇ? ನಮ್ಮ ಮನೆಯಲ್ಲಿ ಆರತಿಗೆ ನಿಂತರೂ, ಮುತ್ತೈದೆಯರ ಸಾಲಿನಲ್ಲಿ ಊಟಕ್ಕೆ ಕೂತರೂ, ಫೋಟೋಕ್ಕೆ ನಿಂತರೂ ಹಿರಿ ಸೊಸೆ ಬಲಕ್ಕೆ, ಕಿರಿ ಸೊಸೆ ಎಡಕ್ಕೆ. ಅತ್ತೆಯವರು ಹಾಕಿಕೊಟ್ಟ ಕ್ರಮ. "ಬಲ ನಂದು" ಅಂದೆ. ಅವನು ಒಂದು ತಿರುಪನ್ನು ಪೂರ್ತಿ ಆ ಕಡೆ, ಇನ್ನೊಂದನ್ನು ಪೂರ್ತಿ ಈ ಕಡೆ ತಿರುಗಿಸಿ ಹೋದ.

ಮುಂದಿನ ಎರಡು ವಾರ ಹೆವನ್ಲಿ. ನನ್ನ ಗಿಟಾರ್ ಇಷ್ಟು ಸ್ಪಷ್ಟವಾಗಿ ನನಗೆ ಯಾವತ್ತೂ ಕೇಳಿಸಿರಲಿಲ್ಲ. ವಿಮಲಾಳದ್ದು ಎಲ್ಲೋ ದೂರದ ಬೀದಿಯಲ್ಲಿ ಯಾರೋ ನುಡಿಸಿದ ಹಾಗೆ ತೆಳ್ಳಗೆ ತೇಲಿ ಬರುತ್ತಿತ್ತು. ವಯಸ್ಸಿನ ಜೊತೆ ಮಾಗಿದ್ದಾಳೆ, ಹಿರಿಯಳಿಗೆ ಜಾಗ ಬಿಟ್ಟು ನುಡಿಸುವುದನ್ನು ಕಲಿತಿದ್ದಾಳೆ ಅಂತ ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಅವಳು ಮಾತ್ರ ದಿನದಿಂದ ದಿನಕ್ಕೆ ಬಿಗಿಯಾಗುತ್ತಿದ್ದಳು. "ಅಕ್ಕ, ನನ್ನ ಪಾರ್ಟ್ ಮುಗಿಯೋಕೆ ಮುಂಚೆನೇ ನೀವು ಶುರು ಮಾಡ್ತೀರಿ" ಅಂದಳು ಒಂದು ದಿನ. "ನೀನು ನಿಧಾನ, ಡಿಯರ್" ಅಂದೆ, ಪ್ರೀತಿಯಿಂದಲೇ.

ಕಾರ್ಯಕ್ರಮಕ್ಕೆ ಇನ್ನು ಐದು ದಿನ ಇರುವಾಗ ಅದು ನಡೆಯಿತು. ಎಂದಿನಂತೆ ಕಣ್ಣು ಮುಚ್ಚಿಕೊಂಡು ಮೊದಲಿನಿಂದ ಕೊನೆಯವರೆಗೆ ನುಡಿಸಿದೆ. ಹೆಡ್‌ಫೋನ್ ತೆಗೆದು, "ವಿಮಲಾ, ಇವತ್ತು ಎಷ್ಟು ಸಾಫ್ಟ್ ಆಗಿ ನುಡಿಸಿದೆ ಕಣೆ, ಬ್ಯೂಟಿಫುಲ್" ಅಂದೆ.

ಅವಳು ಕೈ ಕಟ್ಟಿಕೊಂಡು ಕೂತಿದ್ದಳು. "ನಾನು ನುಡಿಸ್ಲೇ ಇಲ್ಲ, ಅಕ್ಕ."

"ಅಂದ್ರೆ?"

"ಅಂದ್ರೆ ಒಂದು ತಂತಿನೂ ಮುಟ್ಟಿಲ್ಲ. ನಿನ್ನೆನೂ ಅರ್ಧದಲ್ಲಿ ಬಿಟ್ಟಿದ್ದೆ, ನಿಮಗೆ ಗೊತ್ತಾಗ್ಲಿಲ್ಲ. ನಾನು ಇದ್ರೂ ಒಂದೇ, ಇಲ್ದಿದ್ರೂ ಒಂದೇ. ನೀವೊಬ್ರೇ ನುಡಿಸಿಬಿಡಿ, ನನ್ನ ಹೆಸರು ತೆಗ್ಸಿ." ಗಿಟಾರನ್ನು ಬಟ್ಟೆಯಲ್ಲಿ ಸುತ್ತಿ ಕೆಳಗೆ ಹೋಗಿಬಿಟ್ಟಳು.

ಮಿಕ್ಸರ್ ಕೆಟ್ಟಿದೆ ಅಂತ ಬಸವರಾಜಣ್ಣನಿಗೆ ಫೋನ್ ಮಾಡಿದೆ. ಅವನು ಬಂದು, ಹೆಡ್‌ಫೋನ್ ಹಾಕಿಕೊಂಡು, ಎರಡೂ ಗಿಟಾರಿನ ತಂತಿ ಮೀಟಿ ನೋಡಿ, "ಎರಡೂ ಸರ್ಯಾಗೇ ಐತಲ್ಲಮ್ಮ" ಅಂದ. ನನ್ನ ಮುಖ ನೋಡಿದ. ಏನನ್ನಿಸಿತೋ, ಹೆಡ್‌ಫೋನನ್ನು ಎಡಬಲ ಅದಲುಬದಲಾಗಿ ನನ್ನ ತಲೆಗೆ ಹಾಕಿ ನನ್ನ ಗಿಟಾರನ್ನು ಮೀಟಿದ. ಎರಡು ವಾರ ಕಿವಿ ತುಂಬಿದ್ದ ನನ್ನ ಗಿಟಾರು ದೂರದ ಬೀದಿಗೆ ಹೊರಟುಹೋಗಿತ್ತು. "ಮಿಕ್ಸರ್ ಅಲ್ಲಮ್ಮ" ಅಂದ, ಬಹಳ ಮೆತ್ತಗೆ. ಇದ್ದಕ್ಕಿದ್ದ ಹಾಗೆ ಎಲ್ಲವೂ ಸಾಲಾಗಿ ಬಂದು ನಿಂತವು. ಫೋನ್ ಯಾವಾಗಲೂ ಬಲಗಿವಿಗೇ ಹೋಗುವುದು, ಟಿವಿಯವರು ಗೊಣಗುತ್ತಾರೆ ಅಂತ ಬೈಯುವುದು. ಪ್ರಾಣಾಯಾಮ ಶುರುಮಾಡಿದ ಮೇಲೆ ನಮ್ಮ ಯಜಮಾನರ ಗೊರಕೆ ನಿಂತೇಹೋಯಿತು ಅಂತ ನಾನು ನೆಂಟರಿಗೆಲ್ಲ ಪ್ರಾಣಾಯಾಮ ಶಿಫಾರಸು ಮಾಡಿದ್ದೆ. ಅವರು ಮಲಗುವುದು ನನ್ನ ಎಡಗಡೆ.

ಒಂದು ಇಡೀ ದಿನ ನಾನು ಕೆಳಗಿಳಿಯಲಿಲ್ಲ. ವಿಮಲಾ ಈಗ ನನ್ನನ್ನು ದುರಹಂಕಾರಿ ಅಂದುಕೊಂಡಿದ್ದಾಳೆ. ನಿಜ ಹೇಳಿದರೆ ಕಿವುಡಿ ಅಂದುಕೊಳ್ಳುತ್ತಾಳೆ. ದುರಹಂಕಾರ ಹಿರಿ ಸೊಸೆಗೆ ಒಪ್ಪುತ್ತದೆ, ಒಂದು ಥರ ಒಡವೆ ಇದ್ದ ಹಾಗೆ. ಕಿವುಡು ಒಪ್ಪುವುದಿಲ್ಲ. ಇದೇ ಲೆಕ್ಕದಲ್ಲಿ ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ. ಆದರೆ ಸಂಜೆ ಒಬ್ಬಳೇ ಕೂತು ನಮ್ಮ ಪೀಸ್ ನುಡಿಸಿದೆ. ಅವಳ ಪಾರ್ಟ್ ಬರುವ ಜಾಗದಲ್ಲಿ, ಅವಳಿಲ್ಲ ಅಂತ ಗೊತ್ತಿದ್ದೂ ಕಾದೆ. ತಾಳದ ಆ ಎಂಟು ಬಾರ್ ಬಹಳ ಉದ್ದ ಇತ್ತು. ಮಾರನೆಯ ಬೆಳಿಗ್ಗೆ ಕೆಳಗೆ ಹೋದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ನಾಲ್ಕು ಕಾಯಿ ಬಿಡಿಸಿ, "ವಿಮಲಾ, ನನ್ನ ಎಡಗಿವಿ ಕೇಳಿಸಲ್ಲ" ಅಂದೆ. ಜೀವಮಾನದಲ್ಲಿ ಇಷ್ಟು ಮೆಲ್ಲಗೆ ನಾನು ಏನನ್ನೂ ಹೇಳಿರಲಿಲ್ಲ.

ಅವಳ ಕೈ ನಿಂತಿತು. "ಎಷ್ಟು ದಿನದಿಂದ?"

"ಗೊತ್ತಿಲ್ಲ. ವರ್ಷ ಎರಡು ವರ್ಷ ಇರಬಹುದು."

"ಅಯ್ಯೋ, ಬರೀ ಕಿವಿನಾ?" ಅಂದಳು. "ನಾನು ನಿಮ್ಮ ಗುಣವೇ ಹಾಗೆ ಅಂದ್ಕೊಂಡಿದ್ದೆ, ಮದುವೆಯಾಗಿ ಬಂದಾಗಿಂದ." ಆಮೇಲೆ ಮೊರವನ್ನು ಪಕ್ಕಕ್ಕಿಟ್ಟು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಾನೂ ನಕ್ಕೆ, ಆದರೆ ಲೆಕ್ಕ ಹಾಕಿಕೊಂಡೆ: ಎರಡು ವರ್ಷಕ್ಕೆ ಕಿವಿ ಹೊಣೆ, ಉಳಿದ ನಲವತ್ತಕ್ಕೆ ನಾನೇ.

ಬಸವರಾಜಣ್ಣ ಮತ್ತೆ ಬಂದು ಎರಡೂ ತಿರುಪುಗಳನ್ನು ಗಡಿಯಾರದ ಹನ್ನೆರಡಕ್ಕೆ ತಂದು ನಿಲ್ಲಿಸಿದ. ಎರಡು ಗಿಟಾರೂ ನನ್ನ ಒಂದೇ ಒಳ್ಳೆಯ ಕಿವಿಯೊಳಗೆ ಒಟ್ಟಿಗೆ ಬಂದು ಕೂತವು. ಆಗ ತಿಳಿದದ್ದು ಇಷ್ಟು: ವಿಮಲಾ ಸಾಫ್ಟ್ ಆಗಿ ನುಡಿಸುವವಳೇ ಅಲ್ಲ. ತುಂಬುಗಂಟಲು ಅವಳ ಗಿಟಾರಿಗೆ, ತಾಳ ಒಂದು ಕೂದಲಿನಷ್ಟೂ ಅಲುಗುವುದಿಲ್ಲ. ಅವಳು ನಿಧಾನ ಅಲ್ಲ, ನಾನು ಓಡುತ್ತೇನೆ. ಪ್ರತಿ ಸಲ, ಅದೇ ಜಾಗದಲ್ಲಿ, ಬಸ್ಸು ಹಿಡಿಯುವವಳ ಹಾಗೆ.

ಕಾರ್ಯಕ್ರಮದ ದಿನ ವೇದಿಕೆ ಮೇಲೆ ಹೆಡ್‌ಫೋನ್ ಇಲ್ಲ. ಹಾಗಾಗಿ ಅವಳು ನನ್ನ ಬಲಗಡೆ ಕೂರಬೇಕು ಅಂತ ನಾನೇ ಹೇಳಿದೆ. ಅತ್ತೆಯವರು ಮೇಲಿನಿಂದ ನೋಡುತ್ತಿದ್ದರೆ ನೋಡಿಕೊಳ್ಳಲಿ. ಚೆನ್ನಾಗಿಯೇ ಆಯಿತು, ಪ್ರೊಫೆಸರೂ ಬಂದು ಮುಂದಿನ ಸಾಲಿನಲ್ಲಿ ಕೂತು, ಎಚ್ಚರವಾಗಿಯೇ ಕೇಳಿದರು. ಚಪ್ಪಾಳೆಯ ನಡುವೆ ವಿಮಲಾ ನನ್ನ ಕಡೆ ಬಾಗಿ, "ಅಕ್ಕ, ಎರಡನೇ ಸಲ ಮತ್ತೆ ಓಡಿದ್ರಿ" ಅಂದಳು.

ನಾನು ಎಡಗಿವಿಯನ್ನು ಮುಟ್ಟಿ ತೋರಿಸಿ, ಪಾಪದ ಮುಖ ಮಾಡಿ, "ಏನಂದೆ, ಡಿಯರ್?" ಅಂದೆ. ಅವಳು ಕೂತಿದ್ದದ್ದು ನನ್ನ ಬಲಕ್ಕೆ.